ವೆಬ್‌ಸೈಟ್ ಉದ್ಘಾಟನೆ ಆದ ಮೇಲೆ ನೋಡಿಕೊಳ್ಳುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಫೋಟೊ ಬರುತ್ತದೆ. ಯಾವುದೋ ಸಂಘದ ವೆಬ್‌ಸೈಟ್ ಲೋಕಾರ್ಪಣೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಸುತ್ತ ಶಾಲು ಹೊದ್ದ ಐದಾರು ಜನ, ಮುಖ್ಯ ಅತಿಥಿಗಳ ಬೆರಳು ಮೌಸ್ ಮೇಲೆ. ನೋಡಿದಾಗ ಖುಷಿಯಾಗುತ್ತದೆ, ನಮ್ಮ ಕಡೆಯವರೂ ತಮ್ಮ ಮಾತನ್ನು ತಮ್ಮದೇ ಜಾಗದಲ್ಲಿ ಹೇಳಲು ಹೊರಟಿದ್ದಾರಲ್ಲ ಅಂತ. ಕಳೆದ ತಿಂಗಳು ಒಂದು ಭಾನುವಾರ ಅಂಗಡಿಯಲ್ಲಿ ಕೆಲಸ ಇರಲಿಲ್ಲ. ಹಳೇ ಪತ್ರಿಕೆಗಳಲ್ಲಿ ಬಂದಿದ್ದ ಅಂಥ ಕೆಲವು ವಿಳಾಸಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಒಂದು ತೆರೆಯಲೇ ಇಲ್ಲ. ಇನ್ನೊಂದರಲ್ಲಿ ಸಂಘದ ಹೆಸರಿನ ಕೆಳಗೆ ಯಾವುದೋ ಮಾತ್ರೆ ಮಾರುವ ಪುಟ. ಮತ್ತೊಂದರಲ್ಲಿ ಕೊನೆಯ ಸುದ್ದಿ 2021ರ ರಾಜ್ಯೋತ್ಸವದ್ದು. ಉದ್ಘಾಟನೆಯ ಸುದ್ದಿ ನೀವು ಹಾಕುತ್ತೀರಿ, ಆಮೇಲೆ ಏನಾಯಿತು ಅಂತ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿ, ಆದರೆ ಬ್ಯಾಕಪ್, ಅಂದರೆ ಬರಹದ ಇನ್ನೊಂದು ಪ್ರತಿ ತೆಗೆದಿಡುವ ವಿಷಯ ಮಾತ್ರ ದಯವಿಟ್ಟು ಬಿಡಬೇಡಿ.

ನಾನು ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಜಾತ್ರೆ ಪೋಸ್ಟರ್, ಸಹಕಾರ ಸಂಘಗಳ ವಾರ್ಷಿಕ ವರದಿ, ಇವೇ ನನ್ನ ಕೆಲಸ. ಈಗ ಕೆಲವು ವರ್ಷದಿಂದ ಅದೇ ಗಿರಾಕಿಗಳು ಇನ್ನೊಂದು ಕೇಳುತ್ತಾರೆ. "ಅಕ್ಕಾ, ನಮ್ಮ ಸಂಘಕ್ಕೆ ಒಂದು ವೆಬ್‌ಸೈಟ್ ಆಗ್ಬೇಕಿತ್ತು, ಯಾವುದರಲ್ಲಿ ಮಾಡಿಸೋಣ?" ಕೇಳುವ ಹೊತ್ತಿಗೆ ಅವರ ಕೈಯಲ್ಲಿ ಆಗಲೇ ಒಂದು ಕೊಟೇಶನ್ ಇರುತ್ತದೆ. ಅದರಲ್ಲಿ ಓಡುವ ಫೋಟೊಗಳು, ಗ್ಯಾಲರಿ, ಸದಸ್ಯರ ಲಾಗಿನ್, ದೇಣಿಗೆ ಗುಂಡಿ, ಹವಾಮಾನ ತೋರಿಸುವ ಪೆಟ್ಟಿಗೆ, ಎಷ್ಟು ಜನ ಬಂದರು ಅಂತ ಎಣಿಸುವ ಅಂಕಿ, ಎಲ್ಲಾ ಇರುತ್ತದೆ. ಇದನ್ನೆಲ್ಲ ಹೊತ್ತುಕೊಳ್ಳುವುದಕ್ಕೆ ಒಂದು ದೊಡ್ಡ ಸಿಎಂಎಸ್. ನಾನು ಕೇಳುವುದು ಎರಡೇ. ತಿಂಗಳಿಗೆ ಎಷ್ಟು ಬರಹ ಹಾಕುತ್ತೀರಿ? ಒಂದೋ ಎರಡೋ ಅನ್ನುತ್ತಾರೆ. ಮೂರು ವರ್ಷ ಆದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ಉತ್ತರ ಬರುವುದಿಲ್ಲ.

ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಸಿಎಂಎಸ್ ಅಂದರೆ ವೆಬ್‌ಸೈಟಿನ ಎಲ್ಲಾ ಕೆಲಸವನ್ನೂ ಒಂದೇ ಕಡೆಯಿಂದ ನಡೆಸುವ ತಂತ್ರಾಂಶ. ವರ್ಡ್‌ಪ್ರೆಸ್, ಡ್ರುಪಲ್, ಜೂಮ್ಲಾ ಎಲ್ಲ ಆ ಸಾಲಿನವು. ಬರಹಗಳು ಡೇಟಾಬೇಸ್‌ನಲ್ಲಿ, ಅಂದರೆ ಮಾಹಿತಿಯ ಉಗ್ರಾಣದಲ್ಲಿ ಕೂತಿರುತ್ತವೆ. ಯಾರಾದರೂ ಪುಟ ತೆರೆದಾಗ ಒಂದು ಪ್ರೋಗ್ರಾಂ ಬರಹವನ್ನು ಅಲ್ಲಿಂದ ಎತ್ತಿ, ಥೀಮ್, ಅಂದರೆ ಪುಟದ ಉಡುಗೆ ತೊಡಿಸಿ ಕೊಡುತ್ತದೆ. ಬ್ಲಾಗ್ ಎಂಜಿನ್ ಅಂದರೆ ಅದರಲ್ಲಿ ಚಿಕ್ಕ ಭಾಗ. ಬರಹ ಹಾಕುವುದು, ದಿನಾಂಕದ ಪ್ರಕಾರ ತೋರಿಸುವುದು, ಅಷ್ಟೇ. ಇವುಗಳಲ್ಲಿ ಎಷ್ಟೋ ಡೇಟಾಬೇಸ್ ಕೇಳುವುದೇ ಇಲ್ಲ, ಒಂದು ಬರಹಕ್ಕೆ ಒಂದು ಫೈಲ್. ಎರಡನ್ನೂ ನಾವೇ ಹೋಸ್ಟಿಂಗ್ ಜಾಗ ಬಾಡಿಗೆಗೆ ಹಿಡಿದು ಹಾಕಿಕೊಳ್ಳಬಹುದು. ವರ್ಡ್‌ಪ್ರೆಸ್ ಕೂಡ 2003ರಲ್ಲಿ ಶುರುವಾದದ್ದು ಬ್ಲಾಗ್ ಬರೆಯುವುದಕ್ಕೇ. ಈಗ ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಅದರ ಮೇಲೇ ನಡೆಯುತ್ತಿವೆ. ಒಳ್ಳೆಯ ಕೆಲಸಗಾರ ತಂತ್ರಾಂಶ ಅದು, ಪುಕ್ಕಟೆ ಕೂಡ. ನನ್ನ ತಕರಾರು ಅದರ ಮೇಲಲ್ಲ, ನೋಡಿಕೊಳ್ಳಲು ಆಗದವರ ತಲೆಗೆ ಅದನ್ನು ಕಟ್ಟುವುದರ ಮೇಲೆ.

ನಾನು ಓದಿದ ಹೈಸ್ಕೂಲು ಹರಿಹರದ ಕಡೆ ಒಂದು ಹಳ್ಳಿಯಲ್ಲಿದೆ. ಹಳೆಯ ವಿದ್ಯಾರ್ಥಿಗಳೆಲ್ಲ ದುಡ್ಡು ಹಾಕಿ 2017ರಲ್ಲಿ ಒಂದು ವೆಬ್‌ಸೈಟ್ ಮಾಡಿಸಿದೆವು. ನಮ್ಮ ಕನ್ನಡ ಮೇಷ್ಟ್ರು ಆಗಲೇ ನಿವೃತ್ತರಾಗಿದ್ದರು. ಅದರಲ್ಲಿ ಬರೆಯಲು ಶುರು ಮಾಡಿದರು. ಭದ್ರಾ ನಾಲೆಯ ನೀರು ಮೊದಲ ಸಲ ಊರಿನ ಗದ್ದೆಗೆ ಬಂದ ದಿನ, ದಾವಣಗೆರೆಯ ಹತ್ತಿ ಗಿರಣಿಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳು, ಬೆಳಗಿನ ಜಾವ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬಂದು ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗರು, ದುಗ್ಗಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದದ್ದು. ನೋಟ್‌ಬುಕ್ಕಿನಲ್ಲಿ ಬರೆದು ಬಸ್ಸಿನವರ ಕೈಲಿ ಕಳಿಸುತ್ತಿದ್ದರು. ನಾನು ಅಂಗಡಿಯಲ್ಲಿ ಟೈಪ್ ಮಾಡಿ ಹಾಕುತ್ತಿದ್ದೆ. ನಾಲ್ಕು ವರ್ಷದಲ್ಲಿ 140 ಬರಹ ಆದವು. ಬೆಂಗಳೂರು, ದುಬೈಯಲ್ಲಿರುವ ಹಳೆಯ ಹುಡುಗರು ಓದಿ ಅವರಿಗೆ ಫೋನ್ ಮಾಡುತ್ತಿದ್ದರು. ಹೆಂಡತಿ ತೀರಿಹೋದ ಮೇಲೆ ಮೇಷ್ಟ್ರನ್ನು ಎಬ್ಬಿಸಿ ಕೂರಿಸಿದ್ದೇ ಆ ಫೋನುಗಳು ಅಂತ ಅವರ ಮಗಳು ನನಗೆ ಹೇಳಿದ್ದಳು.

ಮಾಡಿಕೊಟ್ಟದ್ದು ಒಂದು ಸಣ್ಣ ಕಂಪನಿ, ಹೆಸರು ಬೇಡ. ದೊಡ್ಡ ಸಿಎಂಎಸ್, ಅದರ ಮೇಲೆ 27 ಪ್ಲಗಿನ್, ಅಂದರೆ ಹೆಚ್ಚಿನ ಸೌಕರ್ಯಕ್ಕೆ ಸೇರಿಸುವ ಚಿಕ್ಕ ಪ್ರೋಗ್ರಾಂಗಳು. ಮೊದಲ ವರ್ಷ ಅವರೇ ನೋಡಿಕೊಂಡರು. ಆಮೇಲೆ ವರ್ಷಕ್ಕೆ 18,000 ರೂಪಾಯಿ ಕೇಳಿದರು. ಸಂಘದಲ್ಲಿ ಅಷ್ಟು ದುಡ್ಡಿರಲಿಲ್ಲ. ನಡೀತಾ ಇದೆಯಲ್ಲ ಅಂತ ಸುಮ್ಮನಾದೆವು. ಒಳಗೆ ಹೋದಾಗಲೆಲ್ಲ ಅಪ್‌ಡೇಟ್ ಮಾಡಿ ಅಂತ ಕೆಂಪು ಅಂಕಿ ತೋರಿಸುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಒತ್ತಿದೆ, ಮುಖಪುಟದ ಫೋಟೊಗಳೆಲ್ಲ ಮಾಯ. ಕಂಪನಿಗೆ 2,000 ರೂಪಾಯಿ ಕೊಟ್ಟು ಸರಿ ಮಾಡಿಸಿಕೊಂಡು ಮತ್ತೆ ಮುಟ್ಟಲಿಲ್ಲ. ಈ ಹೆದರಿಕೆ ಎಷ್ಟು ಜನರಿಗಿದೆ ಅಂತ ಆಮೇಲೆ ಗೊತ್ತಾಯಿತು. ಸಿಎಂಎಸ್ ಮಾಡುವವರು ಒಬ್ಬರು, ಥೀಮ್ ಮಾಡುವವರು ಇನ್ನೊಬ್ಬರು, 27 ಪ್ಲಗಿನ್ ಮಾಡಿದವರು ಲೋಕದ ಬೇರೆ ಬೇರೆ ಮೂಲೆಯವರು. ಒಬ್ಬರು ಬದಲಾಯಿಸಿದ್ದು ಇನ್ನೊಬ್ಬರಿಗೆ ಹೊಂದುತ್ತದೋ ಇಲ್ಲವೋ ನೋಡಿ ಹೇಳುವ ಒಬ್ಬ ಯಜಮಾನ ಬೇಕು. ನಮ್ಮಲ್ಲಿ ಆ ಯಜಮಾನ ಇರಲಿಲ್ಲ.

2021ರ ಶ್ರಾವಣದಲ್ಲಿ ಮೇಷ್ಟ್ರ ಫೋನ್ ಬಂತು. "ಏನವ್ವಾ, ನನ್ನ ಬರಹ ತೆಗೆದ್ರೆ ಯಾವುದೋ ಬೇರೆ ಭಾಷೆ ಬರ್ತಾ ಇದೆಯಲ್ಲ?" ಗೂಗಲ್‌ನಲ್ಲಿ ಶಾಲೆಯ ಹೆಸರು ಹುಡುಕಿದೆ. ಪುಟ ಪುಟವೂ ಜಪಾನಿ ಅಕ್ಷರ, ಬೂಟು, ಕೈಗಡಿಯಾರ ಮಾರುವ ಅಂಗಡಿಗಳು, ಎಲ್ಲದರ ಮೇಲೂ ನಮ್ಮ ಶಾಲೆಯ ವಿಳಾಸ. ಹಳೆಯ ಪ್ಲಗಿನ್ ಒಂದರ ತೂತಿನಿಂದ ಒಳಗೆ ಬಂದಿದ್ದರು. ಇದು ಎಷ್ಟು ಮಾಮೂಲಿ ಅಂದರೆ, ಈ ಥರದ ದಾಳಿಗೆ ಗೂಗಲ್‌ನವರೇ ಒಂದು ಹೆಸರಿಟ್ಟು, ಸರಿಪಡಿಸುವುದು ಹೇಗೆ ಅಂತ ಬರೆದಿಟ್ಟಿದ್ದಾರೆ. ಒಂದು ವಾರದಲ್ಲಿ ಹೋಸ್ಟಿಂಗ್‌ನವರು ಖಾತೆ ನಿಲ್ಲಿಸಿದರು.

ನಾನು ಆಗಲೂ ಹೆದರಲಿಲ್ಲ, ಯಾಕೆಂದರೆ ಬ್ಯಾಕಪ್ ಇತ್ತು. ಆರು ತಿಂಗಳಿಗೊಮ್ಮೆ ಸರ್ವರ್‌ನಲ್ಲಿ, ಅಂದರೆ ಹೋಸ್ಟಿಂಗ್‌ನವರ ಕಂಪ್ಯೂಟರ್‌ನಲ್ಲಿ ಇದ್ದ ಫೋಲ್ಡರ್ ಪೂರ್ತಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡುತ್ತಿದ್ದೆ. ತೆಗೆದು ನೋಡಿದೆ. ಥೀಮ್ ಇತ್ತು. ಪ್ಲಗಿನ್ ಇದ್ದವು. ಫೋಟೊಗಳೂ ಇದ್ದವು. ಬರಹ ಒಂದೂ ಇರಲಿಲ್ಲ. ಬರಹ ಇರುವುದು ಡೇಟಾಬೇಸ್‌ನಲ್ಲಿ, ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲೂ ಇಲ್ಲ. ಹೋಸ್ಟಿಂಗ್ ಖಾತೆಗೆ ಒಳಗೆ ಹೋಗಿ ಇಳಿಸೋಣ ಅಂದರೆ ಓಟಿಪಿ ಹೋಗುತ್ತಿದ್ದದ್ದು ಹಳೆಯ ಕಾರ್ಯದರ್ಶಿಯ ನಂಬರಿಗೆ, ಅವರು ಆ ಸಿಮ್ ಬಿಟ್ಟು ಎರಡು ವರ್ಷವಾಗಿತ್ತು. ಪತ್ರ, ಗುರುತಿನ ಚೀಟಿ, ಸಂಘದ ಠರಾವು ಎಲ್ಲ ಕಳಿಸಿ ಖಾತೆ ಬಿಡಿಸಿಕೊಳ್ಳುವ ಹೊತ್ತಿಗೆ ನವೀಕರಣದ ದಿನ ದಾಟಿ ಎಲ್ಲ ಅಳಿಸಿಹೋಗಿತ್ತು. ಅವತ್ತು ರಾತ್ರಿ ಶಟರ್ ಅರ್ಧ ಎಳೆದುಕೊಂಡು ಅಂಗಡಿಯಲ್ಲಿ ಕೂತು ಅತ್ತಿದ್ದೇನೆ.

ಇಂಟರ್ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ ಇದೆ, 1996ರಿಂದ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಿದೆ. ಅವರ ವೇಬ್ಯಾಕ್ ಮಷೀನ್‌ನಲ್ಲಿ ನಮ್ಮ ಹಳೆಯ ವಿಳಾಸ ಹಾಕಿ ಹುಡುಕಿದಾಗ 58 ಬರಹ ಸಿಕ್ಕವು. ಒಂದೊಂದಾಗಿ ನಕಲು ಮಾಡಿಕೊಂಡೆ. ಮೇಷ್ಟ್ರ ಮನೆಯ ಅಟ್ಟದಲ್ಲಿ ಮೂರು ನೋಟ್‌ಬುಕ್ ಸಿಕ್ಕವು, ಅವುಗಳಿಂದ 40 ಮತ್ತೆ ಟೈಪ್ ಮಾಡಿದೆ. ಉಳಿದವು ಹೋದವು. ಮೇಷ್ಟ್ರಿಗೆ ಆಗ 78 ವರ್ಷ. ಕೆಲವನ್ನು ಮತ್ತೆ ಬರೆಯಲು ಕೂತರು. "ಎರಡನೇ ಸಲ ಬರೆದದ್ದು ಮೊದಲಿನ ಹಾಗೆ ಬರಲ್ಲ ಕಣವ್ವಾ" ಅಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಸಣ್ಣವರು ನಾವು, ತಿಳಿಯದೆ ಆಯಿತು, ದೊಡ್ಡವರಿಗೆ ಹೀಗಾಗುವುದಿಲ್ಲ ಅಂದುಕೊಂಡಿದ್ದೆ. ಹಾಗೇನಿಲ್ಲ. ಡ್ರುಪಲ್ 7ರಲ್ಲಿ ಒಂದು ದೊಡ್ಡ ತೂತು ಇದೆ, ತೇಪೆ ಹಾಕಿಕೊಳ್ಳಿ ಅಂತ 2014ರ ಅಕ್ಟೋಬರ್ 15ರಂದು ಅದನ್ನು ಮಾಡುವವರೇ ಪ್ರಕಟಿಸಿದರು. ಎರಡು ವಾರ ಬಿಟ್ಟು ಮತ್ತೆ ಪ್ರಕಟಣೆ ಬಂತು: ಮೊದಲ ಪ್ರಕಟಣೆ ಬಂದ 7 ಗಂಟೆಯೊಳಗೆ ತೇಪೆ ಹಾಕದಿದ್ದ ಸೈಟ್‌ಗಳೆಲ್ಲ ಕೈತಪ್ಪಿವೆ ಅಂತಲೇ ತಿಳಿಯಿರಿ. ಆ 7 ಗಂಟೆ ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆ. ದಾವಣಗೆರೆಯಲ್ಲಿ ಆ ಹೊತ್ತಿನಲ್ಲಿ ಎದ್ದಿದ್ದು ಸಂಘದ ವೆಬ್‌ಸೈಟಿಗೆ ತೇಪೆ ಹಾಕುವವರು ಯಾರಿದ್ದಾರೆ ಹೇಳಿ? ಅದೇ ಡ್ರುಪಲ್ 7ಕ್ಕೆ 2025ರ ಜನವರಿ 5ಕ್ಕೆ ಬೆಂಬಲ ನಿಂತಿತು. ಅದರಿಂದ ಮುಂದಿನ ಆವೃತ್ತಿಗೆ ಹೋಗುವುದು ಹಳೆಯ ಮನೆ ಕೆಡವಿ ಹೊಸದು ಕಟ್ಟಿದಷ್ಟು ಕೆಲಸ. ವರ್ಡ್‌ಪ್ರೆಸ್‌ನವರು ಈ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ, ಅದನ್ನು ಹೇಳಲೇಬೇಕು. 2013ರಿಂದ ಸಣ್ಣ ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಕೂರುತ್ತವೆ. ಪ್ಲಗಿನ್‌ಗಳೂ ಹಾಗೇ ಅಪ್‌ಡೇಟ್ ಆಗುವಂತೆ ಮಾಡಿಕೊಳ್ಳುವ ಸೌಕರ್ಯ 2020ರಲ್ಲಿ ಬಂತು. ಆದರೆ ಆ ಆಯ್ಕೆ ಒತ್ತಿಡಬೇಕು, ಮತ್ತು ಆ ಪ್ಲಗಿನ್ ಮಾಡಿದವನು ಇನ್ನೂ ಆ ಕೆಲಸದಲ್ಲಿ ಇರಬೇಕು.

ಈಗ ನನ್ನ ಎರಡನೇ ತಪ್ಪು. ಅದನ್ನೂ ಹೇಳಿದರೆ ಮಾತ್ರ ಇದು ಪೂರ್ತಿ ಸತ್ಯ.

ಇಷ್ಟೆಲ್ಲ ಆದ ಮೇಲೆ ನಾನು ಪೂರ್ತಿ ಇನ್ನೊಂದು ಕಡೆಗೆ ಹೋದೆ. ಹ್ಯೂಗೋ ಅಂತ ಒಂದು ಪ್ರೋಗ್ರಾಂ ಇದೆ. ನಮ್ಮ ಲ್ಯಾಪ್‌ಟಾಪ್‌ನಲ್ಲೇ ಬರಹಗಳನ್ನೆಲ್ಲ ಸಾದಾ ಪುಟಗಳಾಗಿ ತಯಾರು ಮಾಡಿಕೊಡುತ್ತದೆ, ಅವನ್ನು ಸರ್ವರ್‌ಗೆ ಏರಿಸಿದರೆ ಮುಗಿಯಿತು. ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಇಲ್ಲ, ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ಹಾಗಾಗಿ ನುಗ್ಗುವುದಕ್ಕೆ ಬಾಗಿಲೂ ಕಮ್ಮಿ. ಮೊದಲು 4 ಎಂಬಿ ಇದ್ದ ಮುಖಪುಟ 300 ಕೆಬಿಗೆ ಇಳಿಯಿತು. ಊರಿನಲ್ಲಿ ನೆಟ್ ಸರಿಯಾಗಿ ಬಾರದ ಕಡೆಯೂ ಮೇಷ್ಟ್ರ ಫೋನಿನಲ್ಲಿ ತಟ್ಟನೆ ತೆರೆಯುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ. ಮರುವರ್ಷದ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಐದು ವಾರ ಅಂಗಡಿ ಬಾಗಿಲು ಹಾಕಿತ್ತು. ಆ ಐದು ವಾರ ವೆಬ್‌ಸೈಟಿನಲ್ಲಿ ಒಂದಕ್ಷರ ಬದಲಾಗಲಿಲ್ಲ. ನಮಗೆಲ್ಲ ನೀರಿನ ಗಂಟೆ ಹೊಡೆದು ಬಿಡುತ್ತಿದ್ದ ಶಾಲೆಯ ಅಟೆಂಡರ್ ತೀರಿಹೋದರು, ಅವರ ಬಗ್ಗೆ ಮೇಷ್ಟ್ರು ಬರೆದ ಎರಡು ಪುಟ ನನ್ನ ಅಂಗಡಿಯ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಹ್ಯೂಗೋ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇತ್ತು. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯುವುದು ನನಗೆ ಮಾತ್ರ ಬರುತ್ತಿತ್ತು. ನಾನು ಸರಳ ಅಂದುಕೊಂಡದ್ದು ನನಗೊಬ್ಬಳಿಗೇ ಸರಳ ಆಗಿತ್ತು.

ಆಮೇಲೆ ಹಾಕಿಕೊಂಡದ್ದು ಬ್ಲೂಡಿಟ್ ಎಂಬ ಚಿಕ್ಕ ಬ್ಲಾಗ್ ಎಂಜಿನ್. ಇದು ಮಧ್ಯದ ದಾರಿ. ಸರ್ವರ್‌ನಲ್ಲೇ ಇರುತ್ತದೆ, ಫೋನಿನ ಬ್ರೌಸರ್‌ನಿಂದ ಒಳಗೆ ಹೋಗಿ ಬರೆಯಬಹುದು, ಆದರೆ ಡೇಟಾಬೇಸ್ ಇಲ್ಲ, ಬರಹಗಳೆಲ್ಲ ಫೋಲ್ಡರ್‌ನಲ್ಲಿ ಫೈಲ್‌ಗಳಾಗಿಯೇ ಇರುತ್ತವೆ. ಹಲವರು ಹಂಚಿಕೊಳ್ಳುವ ಸಾಮಾನ್ಯ ಶೇರ್ಡ್ ಹೋಸ್ಟಿಂಗ್‌ನಲ್ಲಿ ನಡೆಯುತ್ತದೆ. ಈಗ ಮೇಷ್ಟ್ರ ಮೊಮ್ಮಗಳು, ಪಿಯುಸಿ ಓದುವ ಹುಡುಗಿ, ತಾತ ಹೇಳಿದ್ದನ್ನು ಫೋನಿನಲ್ಲೇ ಟೈಪ್ ಮಾಡಿ ಹಾಕುತ್ತಾಳೆ. ಅವಳಿಗೆ ಬರೆಯುವವರ ಪಾಸ್‌ವರ್ಡ್ ಮಾತ್ರ ಕೊಟ್ಟಿದ್ದೇವೆ, ಸೆಟ್ಟಿಂಗ್ ಮುಟ್ಟಲು ಬರುವುದಿಲ್ಲ. ತಿಂಗಳ ಮೊದಲ ಭಾನುವಾರ ಫೋಲ್ಡರ್ ಪೂರ್ತಿ ಜಿಪ್ ಮಾಡಿ ಮೂರು ಕಡೆ ಇಡುತ್ತೇವೆ, ನನ್ನ ಹತ್ತಿರ ಒಂದು, ಶಾಲೆಯ ಕಂಪ್ಯೂಟರ್‌ನಲ್ಲಿ ಒಂದು, ಚಿತ್ರದುರ್ಗದಲ್ಲಿರುವ ಗೆಳತಿಯ ಮನೆಯಲ್ಲಿ ಒಂದು. ಇಟ್ಟರೆ ಸಾಲದು, ಬಿಚ್ಚಿ ಓದಿ ನೋಡುತ್ತೇವೆ. ಬರಹ ಕಣ್ಣಿಗೆ ಬಿದ್ದರೆ ಮಾತ್ರ ಅದು ಬ್ಯಾಕಪ್. ದೊಡ್ಡ ಸಿಎಂಎಸ್ ಇಟ್ಟುಕೊಂಡವರೂ ದಯವಿಟ್ಟು ಇವತ್ತೇ ನೋಡಿ: ನಿಮ್ಮ ಪೆನ್‌ಡ್ರೈವ್‌ನಲ್ಲಿ ಡೇಟಾಬೇಸಿನ ಫೈಲ್ ಇದೆಯಾ? ಇದ್ದರೂ ಅದರೊಳಗೆ ಕನ್ನಡ ಕನ್ನಡವಾಗಿಯೇ ಇದೆಯಾ? ನನಗೆ ಗೊತ್ತಿರುವ ಒಂದು ಮಹಿಳಾ ಸಮಾಜದವರು ಹಳೆಯ ಡೇಟಾಬೇಸನ್ನು ಬೇರೆ ಸರ್ವರ್‌ಗೆ ಸಾಗಿಸಿದಾಗ ಅಕ್ಷರ ಸಂಕೇತದ ವ್ಯವಸ್ಥೆ ತಪ್ಪಾಗಿ, ಎಲ್ಲಾ ಬರಹವೂ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ಬಂತು. ಅದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ.

ಚಿಕ್ಕ ಎಂಜಿನ್‌ಗೆ ತೂತು ಬೀಳುವುದಿಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ. ಇದೇ ಬ್ಲೂಡಿಟ್‌ನಲ್ಲಿ 2019ರಲ್ಲಿ ಎರಡು ದೊಡ್ಡ ತೂತು ಸಿಕ್ಕವು. ಪಾಸ್‌ವರ್ಡನ್ನು ಎಷ್ಟು ಸಲ ಬೇಕಾದರೂ ಊಹಿಸಿ ನೋಡಲು ದಾರಿ ಇತ್ತು, ಚಿತ್ರ ಏರಿಸುವ ಜಾಗದಿಂದ ಒಳಗೆ ನುಸುಳಲೂ ದಾರಿ ಇತ್ತು. ಮುಚ್ಚಿದರು, ಹೊಸ ಆವೃತ್ತಿ ಹಾಕಿಕೊಳ್ಳಬೇಕು. ಇಂಥ ಎಂಜಿನ್‌ಗಳನ್ನು ಬೆರಳೆಣಿಕೆಯ ಜನ ಮಾಡುತ್ತಿರುತ್ತಾರೆ, ಅವರು ಒಂದು ದಿನ ಕೈಬಿಡಲೂಬಹುದು. ಕೈಬಿಟ್ಟರೆ ನಮಗೆ ಏನು ಉಳಿಯುತ್ತದೆ ಅನ್ನುವುದೇ ನನಗೆ ಮುಖ್ಯ. ನಮ್ಮ ಫೋಲ್ಡರ್ ತೆಗೆದು, ನೋಟ್‌ಪ್ಯಾಡ್‌ನಲ್ಲಿ ಫೈಲ್ ತೆರೆದರೆ ಮೇಷ್ಟ್ರ ಬರಹ ಹಾಗೇ ಓದಲು ಸಿಗುತ್ತದೆ. ಯಾವ ತಂತ್ರಾಂಶವೂ ಬೇಡ. ಅವರ ಮೊಮ್ಮಗಳ ಮಕ್ಕಳಿಗೂ ಸಿಗುತ್ತದೆ.

ಕನ್ನಡದವರಿಗೆ ಮಾತ್ರ ಬರುವ ಕೆಲವು ತೊಂದರೆಗಳಿವೆ, ಕೊಟೇಶನ್ ಕೊಡುವವರು ಇವನ್ನು ಹೇಳುವುದಿಲ್ಲ. ಸಿದ್ಧ ಥೀಮ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದವು. ಸಾಲುಗಳ ನಡುವೆ ಜಾಗ ಕಮ್ಮಿ ಇರುತ್ತದೆ, ದಪ್ಪ ತಲೆಬರಹದಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಥೀಮ್ ತರುವ ಅಂದದ ಫಾಂಟಿನಲ್ಲಿ ಕನ್ನಡವೇ ಇರುವುದಿಲ್ಲ. ನಮ್ಮ ಓದುಗರ ಡೇಟಾ ಖರ್ಚು ಮಾಡಿ ಆ ಫಾಂಟ್ ಇಳಿಯುತ್ತದೆ, ಅಕ್ಷರ ಮಾತ್ರ ಫೋನಿನೊಳಗಿನ ಫಾಂಟಿನಲ್ಲೇ ಕಾಣುತ್ತದೆ. ಪುಟದ ವಿಳಾಸದ್ದು ಇನ್ನೊಂದು ಕತೆ. ಕನ್ನಡದ ಪ್ರತಿ ಸಂಕೇತವೂ ಕಂಪ್ಯೂಟರಿಗೆ 3 ಬೈಟ್, ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ ಆಗುತ್ತದೆ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ದಾವಣಗೆರೆ ಅಂತ ಬರೆದರೆ 72 ಅಕ್ಷರ, ಚಿತ್ರದುರ್ಗ ಅಂದರೆ 90. ವರ್ಡ್‌ಪ್ರೆಸ್ ತಲೆಬರಹದಿಂದ ತಾನೇ ವಿಳಾಸ ಮಾಡುತ್ತದೆ, ಮತ್ತು 200 ಅಕ್ಷರಕ್ಕೆ ನಿಲ್ಲಿಸುತ್ತದೆ. ಹಾಗಾಗಿ ಉದ್ದದ ಕನ್ನಡ ತಲೆಬರಹ ಅರ್ಧಕ್ಕೆ ತುಂಡಾಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಒಂದು ದೊಡ್ಡ ಸಾಲು ಕಾಣುತ್ತದೆ. ನಮ್ಮ ವಯಸ್ಸಾದವರು ಅದನ್ನು ನೋಡಿ ಯಾವುದೋ ಮೋಸದ ಲಿಂಕ್ ಅಂತ ಮುಟ್ಟುವುದಿಲ್ಲ. ಮದ್ದು ಸುಲಭ, ಪ್ರಕಟಿಸುವ ಮೊದಲು ವಿಳಾಸದ ಜಾಗದಲ್ಲಿ ನಾಲ್ಕೈದು ಇಂಗ್ಲಿಷ್ ಅಕ್ಷರ ಕೈಯಾರೆ ಬರೆಯುವುದು. ಚಿಕ್ಕ ಎಂಜಿನ್‌ನಲ್ಲೂ ನಾವು ಹಾಗೇ ಮಾಡುತ್ತೇವೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಬರಹವಂತೂ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್‌ ಸಂಕೇತಕ್ಕೆ ಬದಲಾಯಿಸದೆ ಯಾವುದರಲ್ಲೂ ಹಾಕಬೇಡಿ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಒಮ್ಮೆ ತಿದ್ದಿ.

ಎಲ್ಲರಿಗೂ ಚಿಕ್ಕದೇ ಸಾಕು ಅಂತ ನನ್ನ ಮಾತಲ್ಲ. ಚಿತ್ರದುರ್ಗದ ಆ ಗೆಳತಿ ಮತ್ತು ಅವಳ ಜೊತೆಯವರು ಜಿಲ್ಲೆಯ ಶಾಸನಗಳ ಒಂದು ತಾಣ ಮಾಡಬೇಕು ಅಂತ ನನ್ನ ಹತ್ತಿರ ಬಂದಿದ್ದರು. ಚಂದ್ರವಳ್ಳಿಯ ಮಯೂರಶರ್ಮನ ಶಾಸನ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ, ಏಳು ಸುತ್ತಿನ ಕೋಟೆಯ ಒಳಗಿನವು, ಹಳ್ಳಿಗಳ ವೀರಗಲ್ಲುಗಳು. ಪ್ರತಿ ಶಾಸನಕ್ಕೂ ಊರು, ತಾಲ್ಲೂಕು, ಲಿಪಿ, ಭಾಷೆ, ಕಾಲ, ಫೋಟೊ, ಪಾಠ ಬೇಕು. ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ 11ನೇ ಸಂಪುಟ ಚಿತ್ರದುರ್ಗದ್ದು, ಅದರಲ್ಲಿನ ಸಂಖ್ಯೆಯೂ ಬೇಕು. ಆಮೇಲೆ ಹಿರಿಯೂರು ತಾಲ್ಲೂಕಿನ ವೀರಗಲ್ಲುಗಳನ್ನು ಮಾತ್ರ ತೋರಿಸು ಅಂದರೆ ತೋರಿಸಬೇಕು. ಏಳೆಂಟು ಜನ ಮಾಹಿತಿ ತುಂಬುತ್ತಾರೆ, ಒಬ್ಬ ವಿದ್ವಾಂಸರು ಪಾಠ ನೋಡಿ ಒಪ್ಪಿದ ಮೇಲೆ ಮಾತ್ರ ಪ್ರಕಟ ಆಗಬೇಕು. ಇದಕ್ಕೆ ಬ್ಲಾಗ್ ಎಂಜಿನ್ ಹಾಕಿದರೆ ಅರ್ಧ ದಾರಿಯಲ್ಲಿ ನಿಂತುಹೋಗುತ್ತದೆ. ದೊಡ್ಡದನ್ನೇ ಹಾಕಿ ಅಂತ ನಾನೇ ಹೇಳಿದೆ, ಡ್ರುಪಲ್ ಇಂಥ ಕೆಲಸಕ್ಕೇ ಹೇಳಿ ಮಾಡಿಸಿದ್ದು. ಆದರೆ ಅಪ್‌ಡೇಟ್ ಮತ್ತು ಬ್ಯಾಕಪ್ ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿ, ಅವರ ಸಂಬಳಕ್ಕೆ ಮೂರು ವರ್ಷದ ದುಡ್ಡು ಮೊದಲೇ ಬೇರೆ ತೆಗೆದಿಡಿ ಅಂತಲೂ ಹೇಳಿದೆ. ಅವರು ಈಗ ಆ ದುಡ್ಡು ಕೂಡಿಸುತ್ತಿದ್ದಾರೆ. ತಾಣ ಇನ್ನೂ ಶುರುವಾಗಿಲ್ಲ. ಇದೇ ಸರಿಯಾದ ಕ್ರಮ ಅಂತ ನನಗೆ ಅನ್ನಿಸುತ್ತದೆ. ಹತ್ತಾರು ವಿಭಾಗಗಳಿರುವ ಕಾಲೇಜಿಗೆ, ನಿಮ್ಮಂಥ ಪತ್ರಿಕೆಗೆ, ಆನ್‌ಲೈನ್ ಮಾರಾಟ ಮಾಡುವವರಿಗೂ ದೊಡ್ಡದೇ ಬೇಕು.

ಆದರೆ ನನ್ನ ಅಂಗಡಿಗೆ ಬರುವ ಹತ್ತು ಸಂಘಗಳಲ್ಲಿ ಒಂಬತ್ತು ಅಂಥವಲ್ಲ. ಭಜನಾ ಮಂಡಳಿ, ಹಳೆಯ ವಿದ್ಯಾರ್ಥಿಗಳ ಸಂಘ, ಓಣಿಯ ಗ್ರಂಥಾಲಯ, ರೈತರ ಗುಂಪು, ಪದ್ಯ ಬರೆಯುವ ಒಬ್ಬ ನಿವೃತ್ತ ನೌಕರರು. ಅವರಿಗೆ ಬೇಕಾದದ್ದು ಬರಹ, ಒಂದೆರಡು ಫೋಟೊ, ಕಾರ್ಯಕ್ರಮದ ದಿನಾಂಕ, ಸಂಪರ್ಕದ ವಿಳಾಸ. ಮುಂದೆ ಬೇಕಾಗಬಹುದು ಅಂತ ಸದಸ್ಯರ ಲಾಗಿನ್ ಹಾಕಿಸಿಕೊಂಡ ಎಷ್ಟು ಸಂಘದಲ್ಲಿ ಸದಸ್ಯರು ಲಾಗಿನ್ ಆಗಿದ್ದಾರೆ? ಬಳಸದ ಬಾಗಿಲಿಗೂ ಬೀಗ ಬೇಕಲ್ವಾ? ಮುಂದೆ ನಿಜವಾಗಿ ಬೇಕಾದರೆ ಫೈಲ್‌ಗಳಲ್ಲಿರುವ ಬರಹವನ್ನು ದೊಡ್ಡದಕ್ಕೆ ಸಾಗಿಸುವುದು ಅಂಥ ಕಷ್ಟವಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಬರುವಾಗ, ಪ್ಲಗಿನ್‌ಗಳ ಒಳಗೆ ಸಿಕ್ಕಿಕೊಂಡ ಬರಹ ಬಿಡಿಸುವುದೇ ನಿಜವಾದ ಕಷ್ಟ. ನಾನು ಎರಡು ಸಂಘಗಳಿಗೆ ಬಿಡಿಸಿಕೊಟ್ಟಿದ್ದೇನೆ, ಒಂದೊಂದಕ್ಕೂ ತಿಂಗಳು ಹಿಡಿಯಿತು.

ಚಿಕ್ಕದೋ ದೊಡ್ಡದೋ, ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ ಮಾತ್ರ ಸಂಘದ ಹೆಸರಿನಲ್ಲಿ ಇರಲಿ. ಮಾಡಿಕೊಡುವವರ ಹೆಸರಿನಲ್ಲಿ ಬೇಡ, ಅಧ್ಯಕ್ಷರ ಸ್ವಂತ ಇಮೇಲ್‌ನಲ್ಲೂ ಬೇಡ. ಸಂಘಕ್ಕೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡನ್ನು ಒಂದು ಲಕೋಟೆಯಲ್ಲಿ ಹಾಕಿ ಠರಾವು ಪುಸ್ತಕದ ಜೊತೆ ಬೀರುವಿನಲ್ಲಿಡಿ. ಪದಾಧಿಕಾರಿಗಳು ಬದಲಾದ ದಿನವೇ ಓಟಿಪಿ ನಂಬರ್ ಬದಲಾಯಿಸಿ. ನಮ್ಮದು ಹೋದದ್ದಕ್ಕೆ ಹ್ಯಾಕ್ ಆದದ್ದು ಎಷ್ಟು ಕಾರಣವೋ ಆ ಹಳೆಯ ಸಿಮ್ ಕೂಡ ಅಷ್ಟೇ ಕಾರಣ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಯಾರಾದರೂ ವೆಬ್‌ಸೈಟ್ ಲೋಕಾರ್ಪಣೆಯ ಫೋಟೊ ತಂದುಕೊಟ್ಟರೆ, ಗಣ್ಯರ ಹೆಸರುಗಳ ಜೊತೆ ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಕೇಳಿ ಹಾಕಿ. ಹೆಸರು ಅಚ್ಚಾದರೆ ಆ ಮನುಷ್ಯ ಬ್ಯಾಕಪ್ ಮಾಡುತ್ತಾನೆ. ವರ್ಷಕ್ಕೊಮ್ಮೆ ನಿಮ್ಮ ವರದಿಗಾರರು ಆ ವಿಳಾಸಗಳನ್ನು ತೆರೆದು ನೋಡಿ ನಾಲ್ಕು ಸಾಲು ಬರೆದರೆ ಇನ್ನೂ ಒಳ್ಳೆಯದು.

ಮೇಷ್ಟ್ರಿಗೆ ಈಗ ಕಣ್ಣು ಮಂಜು. ಮೊನ್ನೆ ಹಾಕಿದ್ದು ಸೂಳೆಕೆರೆಗೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದ ನೆನಪು, ಅವರು ಹೇಳಿದರು, ಮೊಮ್ಮಗಳು ಬರೆದಳು. ಇಂಥ ತಾತಂದಿರು, ಅಜ್ಜಿಯರು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಊರೂರಲ್ಲಿ ಇದ್ದಾರೆ. ಯಾರಿಗಾದರೂ ಅವರ ಬರಹಕ್ಕೆ ಒಂದು ಚಿಕ್ಕ ಜಾಗ ಮಾಡಿಕೊಡುವ ಮನಸ್ಸಿದ್ದರೆ, ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ, ದಯವಿಟ್ಟು ತಿಳಿಸಿ. ಶನಿವಾರ ಸಂಜೆ ಆರರ ಮೇಲೆ ಅಂಗಡಿಯಲ್ಲಿರುತ್ತೇನೆ, ಹಾಕಿಕೊಡುವುದನ್ನು ಕಲಿಸುತ್ತೇನೆ, ದುಡ್ಡು ಬೇಡ. ಇಬ್ಬರು ಬನ್ನಿ, ಒಬ್ಬರೇ ಕಲಿತು ಹೋಗಬೇಡಿ. ಈಗಾಗಲೇ ಸೈಟ್ ಇರುವವರು ಡೊಮೇನ್ ಯಾರ ಹೆಸರಿನಲ್ಲಿದೆ ಅಂತ ತಿಳಿದುಕೊಂಡು, ಒಂದು ಖಾಲಿ ಪೆನ್‌ಡ್ರೈವ್ ತಗೊಂಡು ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಡಿಟಿಪಿ ಅಂಗಡಿಯವಳು, ದಾವಣಗೆರೆ